ಯುನಿಟ್ ಸೊನ್ನೆ

ಮೂರು ವಾರ ಆತು, ಒಂದು ಸಾಲೂ ಬರದಿಲ್ಲ ನಾ.
ಬರದದ್ದನ್ನ ಇಡಾಕ ಜಾಗಾ ಹುಡುಕೂದ್ರಾಗ
ಅಕ್ಕಲಕೋಟದ ಈ ಖೋಲಿಯೊಳಗ ದಿನಾ ಹನ್ನೆರಡು ಹೊಡೀತದ.

ಹಗಲೆಲ್ಲ ಮೀಟರ್ ಓದತೀನಿ.
ನಾಗಣಸೂರ, ತೋಳನೂರ, ಕರಜಗಿ.
ಅಂಕಿಗೆ ಮೊಬೈಲ್ ಹಿಡದು, ಫೋಟೋ ಹೊಡದು,
ಮರಾಠಿ ಆಪಿನಾಗ ತುಂಬತೀನಿ.
ಆಪಿಗೆ ಬ್ಯಾಡಾದದ್ದು ಅಂಗಿ ಕಿಸೆದಾಗ, ಕನ್ನಡದಾಗ:
ಗಿರಣಿ ಸೈಫನ್ ಮುಲ್ಲಾ, ಹಿಟ್ಟು ಹತ್ತಬಾರದಂತ
ಮೀಟರಿಗೆ ಮಗಳ ಹಳೇ ಫ್ರಾಕ್ ತೊಡಿಸಿದ್ದು;
ಹೊಸಾ ಸೊಸಿ ಒಬ್ಬಾಕಿ ಬಾಗಿಲ ಸಂದಿಯಿಂದ
"ನಾವು ಮಲಗಿದಾಗೂ ಇದು ತಿರಗತದೇನ್ರಿ?" ಅಂದದ್ದು.

ಇವಕ್ಕೊಂದು ಮನಿ ಕಟ್ಟೂಣಂತ ಕುಂತೆ.
ಮೊದಲನೇ ಯಂತ್ರ ರೂಬಿ ಬೇಡಿತು.
ಕೊಟ್ಟೆ. ಈ ರೂಬಿ ಅಲ್ಲ, ಇದಕಿಂತ ಹೊಸಾದು ಅಂತು,
ಮಾತುಕತಿಗೆ ಕುಂತ ಬೀಗರ ಹಂಗ.
ಎರಡನೇದು ಒಬ್ಬನ್ನ ಕರದ್ರ
ಇಪ್ಪತ್ತಾರು ಸಾವಿರ ಕಡತದ ದಿಬ್ಬಣ ತಂತು;
ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಫ್ಯಾನು
ರಾಶಿ ಮಿಷಿನ್ ಆಗಿ ಒದರಿತು.
ಮೂರನೇದು ಭಾಳ ಚುರುಕು,
ಕಣ್ಣು ಮುಚ್ಚಿ ತೆರಿಯೂದ್ರಾಗ ಪುಟ ತಯಾರು.
ಆದ್ರ "ತೋಳನೂರ" ಅಂತ ತಲಿಬರಹ ಕೊಟ್ಟರ
ವಿಳಾಸದಾಗ ಬರೇ ಶೇಕಡಾ ಚಿಹ್ನೆ, ಶೇಕಡಾ ಚಿಹ್ನೆ.
ಊರಿಗೂರೇ ಬಡ್ಡಿ ಲೆಕ್ಕ ಆಗಿ ಬಂತು.

ಡಿಸೈನು ಆರಸೂದು ಬ್ಯಾರೆ. ನೂರಾ ಎಂಬತ್ತು.
ಒಂದೊಂದ್ರಾಗೂ ಅದೇ ದಾಡಿಯವ, ಅದೇ ಕಾಫಿ ಕಪ್ಪು,
ಅದೇ ಮಂಜಿನ ಗುಡ್ಡ.
ನಂದು ಜ್ವಾಳದ ಸೀಮಿ.

ಮೈಂದರ್ಗಿಯ ದಾನಮ್ಮನ ಮೀಟರು
ಮನೀದೋ ಧಂದೇದೋ ಅಂತ ಆರು ತಿಂಗಳ ತಕರಾರು.
ಪುಣೆಕ್ಕ ಹೋಗೂ ಖಡಕ್ ರೊಟ್ಟಿ ಹತ್ತತ್ತು ಕಟ್ಟಿಡಾಕತ್ತಿದ್ಲು.
ಸುಮ್ಮನ ಹೇಳಿದೆ:
ಕೇಳಾಕ ಬಂದಾಗೊಮ್ಮೆ ಹಿಟ್ಟು ನಾದಿ, ಆಗ ಬಡದು,
ಆಗ ಬೇಯಿಸಿ ಕೊಡೂದು ಒಂದು ಪದ್ಧತಿ, ಅವ್ವಾ.
ಮೊದಲ ಮಾಡಿ, ಒಣಗಿಸಿ ಇಡೂದು ಇನ್ನೊಂದು.
ನಂಗ ಎರಡನೇದು ಬೇಕು.
"ಅಷ್ಟು ತಿಳದಮ್ಯಾಲ ಮತ್ತೇನು?"
ಯಾವ ಹಂಚು ಅಂತ ತಿಳೀವಲ್ದು.
ಅಂಚು ಮುಕ್ಕಾದ ತನ್ನ ಹಂಚಿನ ಕಡೆ ನೋಡಿದ್ಲು.
"ಇದು ಇತ್ತು, ಇದರ ಮ್ಯಾಲ ಮಾಡಿದೆ.
ನನ್ನ ಬಿಲ್ಲಿಂದೇನು ಮಾಡಿದಿ ಹೇಳು."

ಆ ರಾತ್ರಿ ಲೈಟ್ ಹೋತು.
ಮೀಟರ್ ಓದಾವನ ಖೋಲೀಗೂ ಅದೇ ಕತ್ತಲಿ.
ಬ್ಯಾಟರಿ ಹದಿನೇಳು ಇದ್ದಾಗ
ಮೂರೂ ಯಂತ್ರ ಅಳಿಸಿಬಿಟ್ಟೆ, ಏನುಳೀತದ ನೋಡೂಣಂತ.
ದಿಬ್ಬಣ ಹೋತು, ರೂಬಿ ಹೋತು, ದಾಡಿಯವ ಹ್ವಾದ.
ಉಳದದ್ದು ಒಂದು ಫೋಲ್ಡರು, ಏಳು ಕಡತ.
ಊರ ಹೆಸರು, ತಾರೀಖು,
ತಲಿಬರಹದ ಮುಂದ ಒಂದು ಜಾಳಿಗಿ ಗುರುತು.
ಹಂಗs ಓದಾಕ ಬರತಿತ್ತು,
ಕಿಸೆದಾಗಿನ ಚೀಟಿ ಓದಿಧಂಗ.

ಮುಂಜಾನೆ ಚುರುಕಿಂದನ್ನ ತಿರಿಗಿ ಕರದೆ.
ಶೇಕಡಾ ಇದ್ರ ಇರಲಿ,
ಅದರ ಹಿಂದ ತೋಳನೂರ ಅದ ಅಂತ ನಂಗ ಗೊತ್ತದ.
ಡಿಸೈನ್ ಬ್ಯಾಡ. ಬಿಳೀ ಹಾಳಿ, ಕರೀ ಅಕ್ಷರ,
ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಿ ತುಳೀದಷ್ಟು
ನಡುವ ಜಾಗಾ.

ಮೊದಲ ಪುಟ ಇಷ್ಟs:

ತೋಳನೂರ, ಕೆಳಗಿನ ಓಣಿ. ಬಾಗಿಲ ಕೀಲಿ.
ಹ್ವಾದ ತಿಂಗಳದ್ದೇ ಅಂಕಿ. ಯುನಿಟ್ ಸೊನ್ನೆ.
ಬರಕೊಂಡು ಹೊಂಟಾಗ
ಒಳಗ ಯಾರೋ ಕೆಮ್ಮಿದ್ರು.